ಸೇಲಂ ಸೀಮೆಯ ರಾಜಾಜಿ: ಶಾಸನಸಭೆಯಲ್ಲೊಂದು ಸಂಯಮದ ಬಾಳು

ಕಾವೇರಿಯು ಕರಿಬಂಡೆಗಳ ನಡುವೆ ಧುಮುಕಿ ಹೊಗೆಯಂತೆ ತುಂತುರನ್ನೆಬ್ಬಿಸುವ ತಾಣಕ್ಕೆ ಹಿರಿಯರು ಹೊಗೆನಕಲ್ ಎಂಬ ಅಚ್ಚಗನ್ನಡದ ಹೆಸರನ್ನಿಟ್ಟರು. ಇಂದು ಅದು ತಮಿಳುನಾಡಿನ ಧರ್ಮಪುರಿ ಜಿಲ್ಲೆಯಲ್ಲಿದೆ. ಧರ್ಮಪುರಿಯ ಪ್ರಾಚೀನ ನಾಮ ತಗಡೂರು. ಒಂಬತ್ತನೆಯ ಶತಮಾನದಲ್ಲಿ, ನೊಳಂಬರ ಆಳ್ವಿಕೆಯ ಕಾಲದಲ್ಲಿ, ಅಲ್ಲಿ ಬಸದಿಯಿದ್ದುದನ್ನು ಕನ್ನಡ ಶಾಸನವೇ ತಿಳಿಸುತ್ತದೆ. ಕನ್ನಡ, ತಮಿಳು, ತೆಲುಗು ಮೂರೂ ಭಾಷೆಗಳು ಒಂದೇ ಸಂತೆಯಲ್ಲಿ ಕೇಳಿಬರುವ ಈ ಸೀಮೆಯು 1965ರವರೆಗೆ ಹಳೆಯ ಸೇಲಂ ಜಿಲ್ಲೆಯ ಭಾಗವಾಗಿತ್ತು. ಈ ಮಣ್ಣಿನಲ್ಲಿ ಜನಿಸಿ, ಸೇಲಂ ಪುರಸಭೆಯಿಂದ ಮದರಾಸು ಶಾಸನಸಭೆಯವರೆಗೆ, ಅಲ್ಲಿಂದ ಭಾರತದ ಗವರ್ನರ್ ಜನರಲ್ ಪದವಿಯವರೆಗೆ ಏರಿದವರು ಚಕ್ರವರ್ತಿ ರಾಜಗೋಪಾಲಾಚಾರಿಯವರು. ದೇಶವು ಅವರನ್ನು ರಾಜಾಜಿ ಎಂಬ ಪ್ರೀತಿಯ ಹೆಸರಿನಿಂದ ಬಲ್ಲದು.

ಶಾಸನಸಭೆಯ ಚರಿತ್ರೆಯಲ್ಲಿ ರಾಜಾಜಿಯವರದು ವಿಲಕ್ಷಣವಾದ ಸ್ಥಾನ. ಒಂದು ಕಾಲದಲ್ಲಿ ಶಾಸನಸಭೆಗಳ ಪ್ರವೇಶವನ್ನೇ ವಿರೋಧಿಸಿದವರು ಅವರು. ಎರಡು ಬಾರಿ ಮದರಾಸಿನ ಆಡಳಿತದ ಚುಕ್ಕಾಣಿ ಹಿಡಿದರೂ ವಯಸ್ಕ ಮತದಾನದ ಚುನಾವಣೆಯೊಂದರಲ್ಲಿಯೂ ಅವರು ಉಮೇದುವಾರರಾಗಿ ನಿಲ್ಲಲಿಲ್ಲ. ಎರಡು ಬಾರಿಯೂ ತಾವೇ ಪದವಿಯನ್ನು ಬಿಟ್ಟು ಹೊರಬಂದರು. ಅಧಿಕಾರವನ್ನು ಹಿಡಿಯುವ ರೀತಿ ಮತ್ತು ಬಿಡುವ ರೀತಿ ಇವೆರಡನ್ನೂ ಅರಿಯಬಯಸುವವರಿಗೆ ಆ ಬಾಳು ಇಂದಿಗೂ ಪರಿಶೀಲನೆಗೆ ಯೋಗ್ಯವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ರಾಜಾಜಿಯವರು 1878ರ ಡಿಸೆಂಬರ್ 10ರಂದು ಹೊಸೂರು ಬಳಿಯ ತೊರಪಳ್ಳಿ ಗ್ರಾಮದಲ್ಲಿ ಜನಿಸಿದರು. ತಂದೆ ಚಕ್ರವರ್ತಿ ವೆಂಕಟಾರ್ಯ ಅಯ್ಯಂಗಾರ್ಯರು ಆ ಊರಿನ ಮುನಸೀಫರು, ತಾಯಿ ಸಿಂಗಾರಮ್ಮನವರು. ಊರಿನ ಶಾಲೆಯಲ್ಲಿ ಅಕ್ಷರಾಭ್ಯಾಸವಾದ ಬಳಿಕ ಹೊಸೂರಿನಲ್ಲಿಯೂ, ಅನಂತರ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಅವರ ವಿದ್ಯಾಭ್ಯಾಸ ನಡೆಯಿತು. 1894ರಲ್ಲಿ ಬಿ.ಎ. ಪದವಿ ಪಡೆದು, ಮದರಾಸಿನಲ್ಲಿ ಕಾನೂನು ವ್ಯಾಸಂಗವನ್ನು ಮುಗಿಸಿದರು. ತಮಿಳು ಮಾತೃಭಾಷೆಯಾದರೂ ಕನ್ನಡ ಮತ್ತು ತೆಲುಗಿನ ನೆರೆಯಲ್ಲಿಯೇ ಅವರ ಬಾಲ್ಯ ಕಳೆಯಿತು.

1900ರಲ್ಲಿ ಸೇಲಂನಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದ ಅವರಿಗೆ ಕೆಲವೇ ವರ್ಷಗಳಲ್ಲಿ ಕೀರ್ತಿಯೂ ಸಂಪತ್ತೂ ಒದಗಿಬಂದವು. ಐವರು ಮಕ್ಕಳ ಎಳೆಯ ವಯಸ್ಸಿನಲ್ಲಿಯೇ ಪತ್ನಿ ಅಲಮೇಲು ಮಂಗಮ್ಮನವರು ತೀರಿಕೊಂಡರು. ರಾಜಾಜಿಯವರು ಮತ್ತೆ ವಿವಾಹವಾಗದೆ ಮಕ್ಕಳ ಪಾಲನೆಯ ಹೊಣೆಯನ್ನು ತಾವೇ ಹೊತ್ತರು.

ಪುರಸಭೆಯ ಮೆಟ್ಟಿಲು

ಸಾರ್ವಜನಿಕ ಜೀವನದ ಮೊದಲ ಪಾಠಗಳನ್ನು ಅವರಿಗೆ ಕಲಿಸಿದ್ದು ಸೇಲಂ ಪುರಸಭೆ. 1911ರಲ್ಲಿ ಅದರ ಸದಸ್ಯರಾದ ಅವರು 1917ರಿಂದ 1919ರವರೆಗೆ ಅಧ್ಯಕ್ಷರಾಗಿದ್ದರು. ಊರಿನ ನೀರು, ಬೀದಿ, ನೈರ್ಮಲ್ಯಗಳ ನಿತ್ಯದ ಕೆಲಸದ ನಡುವೆಯೇ ಅಸ್ಪೃಶ್ಯತೆಯ ಪ್ರಶ್ನೆಯನ್ನು ಅವರು ಕೈಗೆತ್ತಿಕೊಂಡರು. ಆ ಪುರಸಭೆಗೆ ದಲಿತ ಸಮುದಾಯದ ಮೊದಲ ಸದಸ್ಯರು ಬರಲು ಅವರ ಪ್ರಯತ್ನವೇ ಕಾರಣವಾಯಿತು. ಸಂಪ್ರದಾಯಸ್ಥ ಕುಟುಂಬದಲ್ಲಿ ಹುಟ್ಟಿದವರೊಬ್ಬರು ಆ ಕಾಲದಲ್ಲಿ ಇಂತಹ ಹೆಜ್ಜೆಯಿಡುವುದು ಸುಲಭದ ಮಾತಾಗಿರಲಿಲ್ಲ.

1919ರಲ್ಲಿ ಮದರಾಸಿನಲ್ಲಿ ಗಾಂಧೀಜಿಯವರ ಸಂಪರ್ಕವಾಯಿತು. ಅಸಹಕಾರ ಚಳವಳಿ ಆರಂಭವಾದಾಗ ರಾಜಾಜಿಯವರು ಕೈತುಂಬ ಆದಾಯವಿದ್ದ ವಕೀಲಿಯನ್ನು ತೊರೆದರು. 1921ರ ಕೊನೆಯಲ್ಲಿ ಬಂಧಿತರಾಗಿ ವೆಲ್ಲೂರು ಸೆರೆಮನೆಯಲ್ಲಿ ಮೂರು ತಿಂಗಳ ಕಾಲ ಇದ್ದರು.

ಶಾಸನಸಭೆ ಬೇಡವೆಂದ ದಿನಗಳು

1922ರ ಡಿಸೆಂಬರ್‌ನಲ್ಲಿ ಗಯೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ಗಾಂಧೀಜಿಯವರು ಸೆರೆಯಲ್ಲಿದ್ದರು. ಶಾಸನಸಭೆಗಳನ್ನು ಪ್ರವೇಶಿಸಿ ಒಳಗಿನಿಂದಲೇ ಬ್ರಿಟಿಷ್ ಸರ್ಕಾರವನ್ನು ಎದುರಿಸಬೇಕೆಂಬುದು ಚಿತ್ತರಂಜನ ದಾಸ್ ಮತ್ತು ಮೋತಿಲಾಲ್ ನೆಹರೂ ಅವರ ಅಭಿಪ್ರಾಯ. ಅದು ಅಸಹಕಾರದ ಮೂಲತತ್ತ್ವವನ್ನೇ ಸಡಿಲಗೊಳಿಸುವುದೆಂದು ವಾದಿಸಿದವರ ಮುಂದಾಳು ರಾಜಾಜಿಯವರು. ಅಧ್ಯಕ್ಷರ ಅಭಿಮತಕ್ಕೆ ವಿರುದ್ಧವಾಗಿ ಅಧಿವೇಶನವು ರಾಜಾಜಿಯವರ ಪಕ್ಷವನ್ನು ಎತ್ತಿಹಿಡಿಯಿತು. ಇದರ ಬಳಿಕ ದಾಸ್ ಮತ್ತು ನೆಹರೂ ಅವರು ಸ್ವರಾಜ್ಯ ಪಕ್ಷವನ್ನು ಕಟ್ಟಿದರು.

ಶಾಸನಸಭೆಯಿಂದ ದೂರವುಳಿದ ರಾಜಾಜಿಯವರು ಹಳ್ಳಿಯತ್ತ ಮುಖಮಾಡಿದರು. 1925ರಲ್ಲಿ ಸೇಲಂ ಜಿಲ್ಲೆಯ ತಿರುಚೆಂಗೋಡು ಸಮೀಪದ ಪುದುಪಾಳಯಂನಲ್ಲಿ ಗಾಂಧಿ ಆಶ್ರಮವನ್ನು ಸ್ಥಾಪಿಸಿ ಮಕ್ಕಳೊಡನೆ ಅಲ್ಲಿಯೇ ನೆಲೆಸಿದರು. ಮಳೆಯಿಲ್ಲದೆ ಬಳಲಿದ ಆ ಹಳ್ಳಿಗಳಲ್ಲಿ ಚರಕವು ಬಡವರಿಗೆ ನಾಲ್ಕು ಕಾಸಿನ ಆಸರೆಯಾಯಿತು. ಆದರೆ ನೂತು ಗಳಿಸಿದ ಹಣವು ಸಂಜೆ ಹೆಂಡದ ಅಂಗಡಿಗೆ ಸೇರುತ್ತಿದ್ದುದನ್ನು ಅವರು ಹತ್ತಿರದಿಂದ ಕಂಡರು. ದುಡಿಮೆಯನ್ನು ಕಲಿಸಿದ ಮಾತ್ರಕ್ಕೆ ಬಡತನ ನೀಗದು, ಗಳಿಕೆಯನ್ನು ನುಂಗುವ ದುಶ್ಚಟವೂ ತೊಲಗಬೇಕೆಂಬ ದೃಢ ನಿಶ್ಚಯ ಅವರಲ್ಲಿ ಬೇರೂರಿದ್ದು ಈ ಆಶ್ರಮದಲ್ಲಿಯೇ. ಮದ್ಯಪಾನ ನಿಷೇಧದ ಪ್ರಚಾರಕ್ಕಾಗಿಯೇ ವಿಮೋಚನಂ ಎಂಬ ತಮಿಳು ಪತ್ರಿಕೆಯನ್ನು ಅವರು ಹೊರಡಿಸಿದರು.

1930ರಲ್ಲಿ ತಿರುಚಿರಾಪಳ್ಳಿಯಿಂದ ವೇದಾರಣ್ಯದವರೆಗೆ ಪಾದಯಾತ್ರೆ ನಡೆಸಿ ಉಪ್ಪಿನ ಕಾಯಿದೆಯನ್ನು ಮುರಿದು ಮತ್ತೆ ಸೆರೆವಾಸವನ್ನು ಅನುಭವಿಸಿದರು.

1937ರ ಚುನಾವಣೆ

1935ರ ಭಾರತ ಸರ್ಕಾರದ ಕಾಯಿದೆಯು ಪ್ರಾಂತಗಳಿಗೆ ಸ್ವಾಯತ್ತ ಆಡಳಿತವನ್ನು ನೀಡಿದಾಗ ಕಾಲ ಬದಲಾಗಿತ್ತು. ಕಾಂಗ್ರೆಸ್ ಚುನಾವಣೆಗಿಳಿಯಿತು. ಪ್ರಾಂತದ ಕಾಂಗ್ರೆಸ್ಸಿನ ನಾಯಕತ್ವ ವಹಿಸಿದ ರಾಜಾಜಿಯವರು ಮದರಾಸು ವಿಶ್ವವಿದ್ಯಾನಿಲಯದ ಪದವೀಧರರ ಕ್ಷೇತ್ರದಿಂದ ಶಾಸನಸಭೆಗೆ ಆಯ್ಕೆಯಾದರು. 215 ಸ್ಥಾನಗಳ ಸಭೆಯಲ್ಲಿ ಕಾಂಗ್ರೆಸ್ಸಿಗೆ 159 ಸ್ಥಾನಗಳು ದೊರೆತವು. ಬಹುಕಾಲ ಅಧಿಕಾರ ನಡೆಸಿದ್ದ ಜಸ್ಟಿಸ್ ಪಕ್ಷ ಪೂರ್ಣವಾಗಿ ಸೋತಿತು.

ಗವರ್ನರರು ದೈನಂದಿನ ಆಡಳಿತದಲ್ಲಿ ಕೈಹಾಕಬಾರದೆಂಬ ಭರವಸೆ ದೊರೆಯುವವರೆಗೆ ಅಧಿಕಾರ ಸ್ವೀಕರಿಸುವುದಿಲ್ಲವೆಂದು ಕಾಂಗ್ರೆಸ್ ಕಾದು ನಿಂತಿತು. ಕೊನೆಗೆ 1937ರ ಜುಲೈ 14ರಂದು ರಾಜಾಜಿಯವರು ಪ್ರಾಂತದ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಅಂದಿನ ಮುಖ್ಯಮಂತ್ರಿ ಪದವಿಗೆ ಆ ಹೆಸರಿತ್ತು. ತಮಿಳು, ತೆಲುಗು, ಮಲಯಾಳ ಪ್ರದೇಶಗಳೊಡನೆ ಕನ್ನಡದ ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳೂ ಸೇರಿದ್ದ ವಿಶಾಲ ಪ್ರಾಂತವದು. ಕಾಂಗ್ರೆಸ್ಸಿನ ನಿಯಮದಂತೆ ಮಂತ್ರಿಗಳು ತಿಂಗಳಿಗೆ 500 ರೂಪಾಯಿ ಸಂಬಳಕ್ಕೆ ತಮ್ಮನ್ನು ಮಿತಿಗೊಳಿಸಿಕೊಂಡರು.

ಮದ್ಯಮುಕ್ತ ಸೇಲಂ

ಅಧಿಕಾರಕ್ಕೆ ಬಂದ ಮೂರು ತಿಂಗಳೊಳಗೆ, 1937ರ ಅಕ್ಟೋಬರ್ 1ರಿಂದ, ಮದ್ಯಪಾನ ನಿಷೇಧವು ಸೇಲಂ ಜಿಲ್ಲೆಯಲ್ಲಿ ಜಾರಿಗೆ ಬಂದಿತು. ಆಗಿನ ಸೇಲಂ ಜಿಲ್ಲೆಯೆಂದರೆ ಇಂದಿನ ಸೇಲಂ, ನಾಮಕ್ಕಲ್, ಧರ್ಮಪುರಿ, ಕೃಷ್ಣಗಿರಿ ಎಂಬ ನಾಲ್ಕು ಜಿಲ್ಲೆಗಳ ಪ್ರದೇಶ. ತಾವು ಚೆನ್ನಾಗಿ ಬಲ್ಲ, ಆಶ್ರಮದ ಕಾರ್ಯದಿಂದ ಹದಗೊಂಡಿದ್ದ ಸ್ವಂತ ಜಿಲ್ಲೆಯಿಂದಲೇ ಪ್ರಯೋಗ ಆರಂಭವಾಗಲೆಂದು ಅವರು ಬಯಸಿದ್ದರು.

ಕಾರ್ಯ ಸುಲಭವಾಗಿರಲಿಲ್ಲ. ಉತ್ತರಕ್ಕೆ ಮೈಸೂರು ಸಂಸ್ಥಾನ. ಹೊಗೆನಕಲ್‌ನ ಆಚೆ ದಡದಲ್ಲಿ ಅಂದು ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು. ಆ ಎರಡೂ ಕಡೆ ನಿಷೇಧವಿರಲಿಲ್ಲ. ನದಿಯನ್ನು ದಾಟಿದರೆ ಹೆಂಡ ಸಿಗುವ ಸ್ಥಿತಿಯಲ್ಲಿ ಈಚೆ ದಡದಲ್ಲಿ ನಿಷೇಧವನ್ನು ಉಳಿಸಿಕೊಳ್ಳುವುದಕ್ಕೆ ಪೊಲೀಸರ ಕಾವಲು ಸಾಲದು, ಜನರ ಒಪ್ಪಿಗೆಯೂ ಬೇಕಿತ್ತು. ಮರವೇರಿ ಹೆಂಡ ಇಳಿಸುತ್ತಿದ್ದ ಕುಟುಂಬಗಳ ಜೀವನೋಪಾಯದ ಪ್ರಶ್ನೆಯೂ ಎದುರಾಯಿತು. ಹುಳಿಯದ ಸಿಹಿ ನೀರಾವನ್ನು ಇಳಿಸಿ ಬೆಲ್ಲ ಕಾಯಿಸಲು ಅವಕಾಶ ನೀಡಲಾಯಿತಾದರೂ ಹಳೆಯ ಕಸುಬನ್ನು ಕಳೆದುಕೊಂಡವರ ಕಷ್ಟ ಸಣ್ಣದಾಗಿರಲಿಲ್ಲ. ಮುಂದಿನ ಎರಡು ವರ್ಷಗಳಲ್ಲಿ ಚಿತ್ತೂರು, ಕಡಪ ಮತ್ತು ಉತ್ತರ ಆರ್ಕಾಟು ಜಿಲ್ಲೆಗಳಿಗೂ ನಿಷೇಧ ವಿಸ್ತರಿಸಿತು.

ಅಬಕಾರಿಯು ಸರ್ಕಾರದ ಆದಾಯದ ದೊಡ್ಡ ಪಾಲಾಗಿತ್ತು. ಅದನ್ನು ಬಿಟ್ಟರೆ ಬೊಕ್ಕಸ ತುಂಬುವುದು ಹೇಗೆ? ಈ ಪ್ರಶ್ನೆಗೆ ಉತ್ತರವಾಗಿ 1939ರಲ್ಲಿ ಮದರಾಸು ಸಾಮಾನ್ಯ ಮಾರಾಟ ತೆರಿಗೆಯ ಕಾಯಿದೆ ಬಂದಿತು. ಎಲ್ಲ ಸರಕುಗಳಿಗೂ ಅನ್ವಯಿಸುವ ಇಂತಹ ತೆರಿಗೆ ಭಾರತದಲ್ಲಿ ಅದೇ ಮೊದಲು. ದರವು ನೂರಕ್ಕೆ ಅರ್ಧ ರೂಪಾಯಿಯಷ್ಟಿದ್ದರೂ ವರ್ತಕ ಸಮುದಾಯದಿಂದ ಬಲವಾದ ವಿರೋಧ ಬಂದಿತು. ರಾಜಾಜಿಯವರು ಕದಲಲಿಲ್ಲ. ಕುಡುಕನ ಮನೆಯ ಹಸಿವಿನಿಂದ ಬರುವ ಹಣಕ್ಕಿಂತ ಅಂಗಡಿಯ ವಹಿವಾಟಿನಿಂದ ಬರುವ ಸಣ್ಣ ಪಾಲು ಶುದ್ಧವಾದುದೆಂಬುದು ಅವರ ನಿಲುವು. 2017ರಲ್ಲಿ ಜಿ.ಎಸ್.ಟಿ. ಬರುವವರೆಗೆ ರಾಜ್ಯಗಳ ಬೊಕ್ಕಸಕ್ಕೆ ಆಧಾರಸ್ತಂಭವಾಗಿದ್ದ ಮಾರಾಟ ತೆರಿಗೆಯು ಹೀಗೆ ಮದ್ಯಪಾನ ನಿಷೇಧದ ಜೊತೆಗೂಡಿ ಹುಟ್ಟಿತೆಂಬುದು ವ್ಯಾಪಾರದಲ್ಲಿ ತೊಡಗಿರುವ ಎಷ್ಟೋ ಮನೆತನಗಳಿಗೆ ಇಂದು ತಿಳಿದಿರಲಾರದು.

ಸಾಲದಲ್ಲಿ ಮುಳುಗಿದ್ದ ರೈತರಿಗಾಗಿ 1938ರಲ್ಲಿ ಋಣಪರಿಹಾರದ ಕಾಯಿದೆಯಾಯಿತು. 1939ರ ಜುಲೈನಲ್ಲಿ ಮಧುರೆಯ ಮೀನಾಕ್ಷಿ ದೇವಾಲಯದೊಳಗೆ ವೈದ್ಯನಾಥ ಅಯ್ಯರ್ ಅವರು ಹರಿಜನರನ್ನು ಕರೆದೊಯ್ದಾಗ, ಅವರಿಗೂ ದೇವಾಲಯದ ಅಧಿಕಾರಿಗಳಿಗೂ ಕಾನೂನಿನ ರಕ್ಷಣೆಯಿತ್ತದ್ದು ರಾಜಾಜಿಯವರ ಸರ್ಕಾರ.

ಆದರೆ ಅದೇ ಸರ್ಕಾರವು ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯಗೊಳಿಸಿದ್ದು ಕಹಿಯನ್ನು ಬಿತ್ತಿತು. ಪೆರಿಯಾರ್ ಮೊದಲಾದವರ ನೇತೃತ್ವದಲ್ಲಿ ಪ್ರತಿಭಟನೆ ನಡೆಯಿತು. ಸಾವಿರಕ್ಕೂ ಮಿಕ್ಕಿ ಜನರು ಬಂಧಿತರಾದರು. ಸೆರೆಯಲ್ಲಿದ್ದ ನಟರಾಜನ್ ಮತ್ತು ತಾಳಮುತ್ತು ಎಂಬ ಇಬ್ಬರು ತರುಣರು 1939ರಲ್ಲಿ ಮೃತರಾದರು. ಬ್ರಿಟಿಷರ ದಮನಕಾರಿ ಕಾಯಿದೆಯನ್ನು ತಾವೇ ಪ್ರಯೋಗಿಸಿದರೆಂಬ ಆರೋಪ ರಾಜಾಜಿಯವರ ಮೇಲೆ ಉಳಿಯಿತು. 1939ರ ಅಕ್ಟೋಬರ್‌ನಲ್ಲಿ, ಭಾರತೀಯರನ್ನು ಕೇಳದೆ ದೇಶವನ್ನು ಯುದ್ಧಕ್ಕೆ ಎಳೆದುದನ್ನು ಪ್ರತಿಭಟಿಸಿ ಮಂತ್ರಿಮಂಡಲ ರಾಜೀನಾಮೆಯಿತ್ತಿತು. ಮರುವರ್ಷ ಗವರ್ನರರ ಆಡಳಿತವು ಕಡ್ಡಾಯ ಹಿಂದಿಯನ್ನು ಹಿಂತೆಗೆಯಿತು. ಯುದ್ಧದ ವರ್ಷಗಳಲ್ಲಿ ಪಾನನಿಷೇಧವೂ ನಿಂತುಹೋಯಿತು. ಮುಂದೆ 1948ರಲ್ಲಿ ಅದು ಇಡೀ ಪ್ರಾಂತಕ್ಕೆ ಮರಳಿ ಬಂದಿತು.

ಒಂಟಿಯಾಗಿ ನಿಂತವರು

1942ರಲ್ಲಿ ಮುಸ್ಲಿಂ ಲೀಗಿನ ಬೇಡಿಕೆಯನ್ನು ಒಪ್ಪಿಯಾದರೂ ರಾಜಿಯಾಗಬೇಕೆಂದು ರಾಜಾಜಿಯವರು ವಾದಿಸಿದರು. ಕಾಂಗ್ರೆಸ್ ಒಪ್ಪಲಿಲ್ಲ. ಅವರು ಪಕ್ಷವನ್ನೂ ಶಾಸನಸಭೆಯ ಸ್ಥಾನವನ್ನೂ ತ್ಯಜಿಸಿದರು. ಪಕ್ಷದ ಹೆಸರಿನಲ್ಲಿ ಬಂದ ಸ್ಥಾನವನ್ನು ಪಕ್ಷದ ನಿಲುವನ್ನು ವಿರೋಧಿಸುತ್ತ ಇಟ್ಟುಕೊಳ್ಳದ ಈ ನಡತೆಯು, ಪಕ್ಷಾಂತರವು ದಿನನಿತ್ಯದ ಸುದ್ದಿಯಾದ ನಂತರದ ಕಾಲದಲ್ಲಿ ವಿಶೇಷವಾಗಿ ನೆನೆಯತಕ್ಕದ್ದು.

ಸ್ವಾತಂತ್ರ್ಯ ಬಂದಾಗ ಅವರು ಪಶ್ಚಿಮ ಬಂಗಾಳದ ರಾಜ್ಯಪಾಲರಾದರು. 1948ರ ಜೂನ್‌ನಿಂದ 1950ರ ಜನವರಿ 26ರವರೆಗೆ ಭಾರತದ ಗವರ್ನರ್ ಜನರಲ್ಲರಾಗಿದ್ದರು. ಆ ಪದವಿಯನ್ನಲಂಕರಿಸಿದ ಏಕೈಕ ಭಾರತೀಯರು ಅವರೇ. ಸರ್ದಾರ್ ಪಟೇಲರ ನಿಧನಾನಂತರ ಕೆಲಕಾಲ ಕೇಂದ್ರದ ಗೃಹಮಂತ್ರಿಯಾಗಿ, 1951ರಲ್ಲಿ ಮದರಾಸಿಗೆ ಮರಳಿದರು.

1952: ನಾಮಕರಣದ ಮುಖ್ಯಮಂತ್ರಿ

ವಯಸ್ಕ ಮತದಾನದ ಮೊದಲ ಮಹಾಚುನಾವಣೆಯಲ್ಲಿ ಮದರಾಸು ವಿಧಾನಸಭೆಯ 375 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ ದೊರೆತವು 152 ಮಾತ್ರ. ಕಮ್ಯುನಿಸ್ಟರು 62 ಸ್ಥಾನಗಳೊಂದಿಗೆ ಎರಡನೆಯ ದೊಡ್ಡ ಪಕ್ಷವಾದರು. ಬಹುಮತವಿಲ್ಲದ ಕಾಂಗ್ರೆಸ್ಸಿಗರು ಎಪ್ಪತ್ತಮೂರು ವರ್ಷದ ರಾಜಾಜಿಯವರ ಬಾಗಿಲಿಗೆ ಬಂದರು. ಚುನಾವಣೆಗೆ ನಿಲ್ಲಲು ಅವರು ಒಪ್ಪಲಿಲ್ಲ. ರಾಜ್ಯಪಾಲ ಶ್ರೀಪ್ರಕಾಶರು ಅವರನ್ನು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿದರು. 1952ರ ಏಪ್ರಿಲ್ 10ರಂದು ಅವರು ಮುಖ್ಯಮಂತ್ರಿಯಾದರು.

ಜನರಿಂದ ಆರಿಸಿಬಾರದವರು ಜನರನ್ನು ಆಳಬಹುದೇ ಎಂಬ ಪ್ರಶ್ನೆ ಅಂದು ದೊಡ್ಡದಾಗಿ ಎದ್ದಿತು. ಪ್ರಧಾನಿ ನೆಹರೂ ಅವರಿಗೂ ಈ ಮಾರ್ಗ ರುಚಿಸಲಿಲ್ಲ. ಕಮ್ಯುನಿಸ್ಟ್ ನಾಯಕ ಪಿ. ರಾಮಮೂರ್ತಿಯವರು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅರ್ಜಿ ವಜಾ ಆಯಿತು. ಕಾನೂನಿನ ತೊಡಕು ನಿವಾರಣೆಯಾದರೂ ಔಚಿತ್ಯದ ಪ್ರಶ್ನೆ ಹಾಗೆಯೇ ಉಳಿಯಿತು. ಸಣ್ಣ ಪಕ್ಷಗಳ ಬೆಂಬಲವನ್ನು ಗಳಿಸಿದ ಸರ್ಕಾರವು ಜುಲೈನಲ್ಲಿ ವಿಶ್ವಾಸಮತವನ್ನು ಪಡೆಯಿತು. ಈ ಬೆಂಬಲವನ್ನು ಕೂಡಿಸಿದ ಬಗೆಯೂ ಟೀಕೆಗೆ ಹೊರತಾಗಿರಲಿಲ್ಲ.

ಆ ಎರಡು ವರ್ಷಗಳ ಕಾರ್ಯದಲ್ಲಿ ಸಾಹಸವಿತ್ತು. ಯುದ್ಧಕಾಲದಿಂದ ನಡೆದುಬಂದಿದ್ದ ಪಡಿತರ ಮತ್ತು ಧಾನ್ಯ ನಿಯಂತ್ರಣವನ್ನು 1952ರ ಜೂನ್‌ನಲ್ಲಿ ರದ್ದುಗೊಳಿಸಿದರು. ಬೆಲೆ ಗಗನಕ್ಕೇರುವುದೆಂಬ ಭೀತಿ ಸುಳ್ಳಾಯಿತು. ಮುಚ್ಚಿಟ್ಟ ಧಾನ್ಯ ಮಾರುಕಟ್ಟೆಗೆ ಬಂದಿತು. ತಂಜಾವೂರಿನ ಗೇಣಿದಾರರು ಮತ್ತು ಕೃಷಿಕೂಲಿಗಳ ರಕ್ಷಣೆಗೆ ಕಾಯಿದೆಯಾಯಿತು. 1952ರ ಡಿಸೆಂಬರ್‌ನಲ್ಲಿ ಪೊಟ್ಟಿ ಶ್ರೀರಾಮುಲು ಅವರು ಉಪವಾಸವಿದ್ದು ಪ್ರಾಣಬಿಟ್ಟ ಬಳಿಕ ಆಂಧ್ರ ರಾಜ್ಯದ ರಚನೆ ಅನಿವಾರ್ಯವಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರವು ಬೇರೆಯಾದಾಗ, ಆದೋನಿ, ಆಲೂರು, ರಾಯದುರ್ಗಗಳನ್ನುಳಿದು ಬಳ್ಳಾರಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡಿಗರ ಏಕೀಕರಣದ ಹಾದಿಯಲ್ಲಿ ಇದು ಮುಖ್ಯ ಘಟ್ಟ.

ಶಿಕ್ಷಣ ಯೋಜನೆ ಮತ್ತು ನಿರ್ಗಮನ

1953ರಲ್ಲಿ ಗ್ರಾಮಾಂತರ ಪ್ರಾಥಮಿಕ ಶಾಲೆಗಳಿಗೆ ಹೊಸ ಪದ್ಧತಿಯೊಂದನ್ನು ರಾಜಾಜಿಯವರು ಜಾರಿಗೆ ತಂದರು. ಶಾಲೆಯು ದಿನಕ್ಕೆ ಮೂರು ಗಂಟೆಗಳ ಎರಡು ಪಾಳಿಗಳಲ್ಲಿ ನಡೆಯುವುದು. ಮಿಕ್ಕ ಹೊತ್ತಿನಲ್ಲಿ ಮಕ್ಕಳು ಹೆತ್ತವರ ಕಸುಬನ್ನು ಕಲಿಯುವುದು. ಇದ್ದ ಶಾಲೆ ಮತ್ತು ಉಪಾಧ್ಯಾಯರಿಂದಲೇ ಹೆಚ್ಚು ಮಕ್ಕಳಿಗೆ ವಿದ್ಯೆ ದೊರೆಯಲಿ, ದೈಹಿಕ ಶ್ರಮಕ್ಕೆ ಗೌರವ ಬರಲಿ ಎಂಬುದು ಅವರ ಉದ್ದೇಶ. ಆದರೆ ಚಮ್ಮಾರನ ಮಗ ಚಮ್ಮಾರನಾಗಿಯೇ, ಅಗಸನ ಮಗ ಅಗಸನಾಗಿಯೇ ಉಳಿಯಬೇಕೆಂಬ ಜಾತಿಪದ್ಧತಿಗೆ ಸರ್ಕಾರದ ಮುದ್ರೆಯೊತ್ತಿದಂತಾಯಿತೆಂದು ನೊಂದವರಿಗೆ ತೋರಿತು. ಶತಮಾನಗಳ ಬಳಿಕ ಶಾಲೆಯ ಬಾಗಿಲನ್ನು ಕಂಡವರ ಆತಂಕವು ನಿರಾಧಾರವಾಗಿರಲಿಲ್ಲ. ಪೆರಿಯಾರ್ ಅವರೂ ದ್ರಾವಿಡ ಮುನ್ನೇತ್ರ ಕಳಗವೂ ಕುಲಕಸುಬಿನ ಶಿಕ್ಷಣವೆಂದು ಹೆಸರಿಟ್ಟು ಬೀದಿಗಿಳಿದರು. ಕಾಂಗ್ರೆಸ್ಸಿನೊಳಗೂ ಅಸಮಾಧಾನ ಹೊಗೆಯಾಡಿತು. ವಿಧಾನಸಭೆಯು ಯೋಜನೆಯನ್ನು ತಡೆಹಿಡಿದು ತಜ್ಞರ ಸಮಿತಿಗೆ ಒಪ್ಪಿಸಬೇಕೆಂದು ನಿರ್ಣಯಿಸಿತು.

ಸಭೆಯ ಮನಸ್ಸನ್ನು ಅರಿಯುವ ಮೊದಲೇ ಆಜ್ಞೆ ಹೊರಡಿಸಿದ್ದು ಅವರ ತಪ್ಪೆಂದು ಮೆಚ್ಚುವವರೂ ಹೇಳಿದರು. ಮತದಾರರ ಮನೆಬಾಗಿಲಿಗೆ ಹೋಗದ ನಾಯಕರಿಗೆ ಮತದಾರರ ಮನೆಯೊಳಗಿನ ನೋವು ತಿಳಿಯದೆ ಹೋದದ್ದು ಅಚ್ಚರಿಯೇನಲ್ಲ. ಹಿಂದೆಗೆಯಲು ಒಪ್ಪದ ಅವರು 1954ರ ಏಪ್ರಿಲ್‌ನಲ್ಲಿ ಪದವಿಯಿಂದ ನಿರ್ಗಮಿಸಿದರು. ಕಾಮರಾಜರು ಮುಖ್ಯಮಂತ್ರಿಯಾಗಿ ಮರುತಿಂಗಳೇ ಆ ಯೋಜನೆಯನ್ನು ಕೈಬಿಟ್ಟರು. ಅದೇ ವರ್ಷ ರಾಷ್ಟ್ರವು ರಾಜಾಜಿಯವರಿಗೆ ಭಾರತರತ್ನ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಸಂಜೆಯ ದಿನಗಳು

ಎಂಬತ್ತರ ವಯಸ್ಸಿನಲ್ಲಿ, 1959ರಲ್ಲಿ, ಸರ್ಕಾರದ ಅತಿ ನಿಯಂತ್ರಣವನ್ನು ವಿರೋಧಿಸಿ ಸ್ವತಂತ್ರ ಪಕ್ಷವನ್ನು ಅವರು ಕಟ್ಟಿದರು. 1967ರ ಚುನಾವಣೆಯಲ್ಲಿ ಆ ಪಕ್ಷವು ಲೋಕಸಭೆಯಲ್ಲಿ 44 ಸ್ಥಾನಗಳನ್ನು ಗೆದ್ದಿತು. ಹಿಂದೆ ಹಿಂದಿಯನ್ನು ಕಡ್ಡಾಯಗೊಳಿಸಿದವರು ಈಗ ಹಿಂದಿಯ ಹೇರಿಕೆಯನ್ನು ವಿರೋಧಿಸಿ, ಅಂದಿನ ಎದುರಾಳಿಗಳ ಶಿಷ್ಯರೊಡನೆ ಕೈಜೋಡಿಸಿದರು. ಅಣ್ಣಾದುರೈಯವರು ಮುಖ್ಯಮಂತ್ರಿಯಾಗಲು ಆ ಮೈತ್ರಿಯೂ ನೆರವಾಯಿತು. 1962ರಲ್ಲಿ ಅಮೆರಿಕೆಗೆ ತೆರಳಿ ಅಧ್ಯಕ್ಷ ಕೆನೆಡಿಯವರನ್ನು ಕಂಡು ಅಣ್ವಸ್ತ್ರ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ವಿನಂತಿಸಿದ್ದೂ ಅವರ ಅಹಿಂಸಾನಿಷ್ಠೆಗೆ ಸಾಕ್ಷಿ. ಜೀವನದುದ್ದಕ್ಕೂ ಅವರು ಸಸ್ಯಾಹಾರಿಗಳು, ಮಿತಭೋಗಿಗಳು.

1971ರಲ್ಲಿ ತಮಿಳುನಾಡು ಸರ್ಕಾರವು ಪಾನನಿಷೇಧವನ್ನು ಸಡಿಲಿಸಲು ಹೊರಟಿತು. ತೊಂಬತ್ತೆರಡು ವರ್ಷದ ರಾಜಾಜಿಯವರು ಮಳೆಯಲ್ಲಿಯೇ ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೆ ತೆರಳಿ, ಹಾಗೆ ಮಾಡಬಾರದೆಂದು ಬೇಡಿಕೊಂಡರು. ಬೇಡಿಕೆ ಫಲಿಸಲಿಲ್ಲ. ಒಂದು ಕಾಲದಲ್ಲಿ ಕಾಯಿದೆಯ ಬಲದಿಂದ ಮಾಡಿದ್ದನ್ನು ಉಳಿಸಿಕೊಳ್ಳಲು ಬರಿಗೈಯಲ್ಲಿ ಇನ್ನೊಬ್ಬರ ಬಾಗಿಲಿಗೆ ಹೋಗಲು ಅವರು ಸಂಕೋಚಪಡಲಿಲ್ಲ. 1972ರ ಡಿಸೆಂಬರ್ 25ರಂದು, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಮದರಾಸಿನಲ್ಲಿ ಅವರು ಕೊನೆಯುಸಿರೆಳೆದರು.

ಉಪಸಂಹಾರ

ತೊರಪಳ್ಳಿಯ ಆ ಜನ್ಮಗೃಹವು ಇಂದು ಸ್ಮಾರಕವಾಗಿ ಉಳಿದಿದೆ. ಅವರು ಮದ್ಯಮುಕ್ತಗೊಳಿಸಿದ್ದ ಸೇಲಂ ಸೀಮೆಯಲ್ಲಿ 2003ರಿಂದ ಸರ್ಕಾರಿ ನಿಗಮವೇ ಚಿಲ್ಲರೆ ಮದ್ಯದಂಗಡಿಗಳನ್ನು ನಡೆಸುತ್ತ ಬಂದಿದೆ. ಅಬಕಾರಿಯ ಬದಲಿಗೆಂದು ತಂದ ಮಾರಾಟ ತೆರಿಗೆ ಬೆಳೆಯಿತು. ಬಿಟ್ಟ ಅಬಕಾರಿಯೂ ಮರಳಿ ಬಂದಿತು. ಹಾಗಿದ್ದರೆ ಆ ಪ್ರಯತ್ನ ವ್ಯರ್ಥವಾಯಿತೆನ್ನಬಹುದೇ? ವ್ರತವನ್ನು ಕಾಯಿದೆಯು ಸಾರಬಲ್ಲದು, ಪಾಲಿಸಬೇಕಾದುದು ಮನೆ. ಕಾಯಿದೆ ಸಡಿಲಿದ ಕಡೆಯಲ್ಲಿಯೂ ಮದ್ಯವನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳದ ಮನೆಗಳು ಈ ಸೀಮೆಯಲ್ಲಿ ಎಲ್ಲ ಭಾಷೆಯವರಲ್ಲಿಯೂ ಇವೆ. ಸಾತ್ತ್ವಿಕ ಉದ್ದೇಶವಿದ್ದರೂ ಜನರ ಒಪ್ಪಿಗೆಯಿಲ್ಲದೆ ಹೆಜ್ಜೆಯಿಟ್ಟರೆ ಎಡವಬೇಕಾಗುವುದೆಂಬುದನ್ನು ರಾಜಾಜಿಯವರ ಸೋಲು ಕಲಿಸುತ್ತದೆ. ನಂಬಿದ ತತ್ತ್ವಕ್ಕಾಗಿ ಪದವಿಯನ್ನು ಹುಲ್ಲುಕಡ್ಡಿಯಂತೆ ಬಿಡಬಹುದೆಂಬುದನ್ನು ಅವರ ಬಾಳು ಕಲಿಸುತ್ತದೆ. ಎರಡು ಪಾಠಗಳೂ ಮುಂದಿನ ಪೀಳಿಗೆಗೆ ದಾರಿದೀಪವಾಗಲಿ.